ನಮ್ಮಪ್ಪನ ಹರಳು, ನಮ್ಮವ್ವನ ಕೊಡ

ನಮ್ಮಪ್ಪ ಶಟ್ಟೆಪ್ಪ ಯರಗಟ್ಟಿಯಲ್ಲಿ ಸುಣ್ಣ ಸುಡುತ್ತಿದ್ದ. ಸುತ್ತಲಿನ ಎಷ್ಟೋ ಮನೆಗಳ ಗೋಡೆ ಬೆಳ್ಳಗಾದದ್ದು ಅವನ ಸುಣ್ಣದಿಂದ. ಅವನ ಕೈ ಮಾತ್ರ ಜೀವಮಾನವಿಡೀ ಬಿರುಕು. ಹಟಕ್ಕೆ ಬಿದ್ದರೆ ಎತ್ತನ್ನೂ ಸೋಲಿಸುವ ಮನುಷ್ಯ. ಅವನನ್ನು ಬದುಕಿಸಿದ್ದು ನಮ್ಮವ್ವ. ಮನೆಗೆ ಬಂದವರಿಗೆಲ್ಲ ಅಪ್ಪನೇ ಈ ಮಾತು ಹೇಳುತ್ತಿದ್ದ. ಮಗಳಾದ ನಾನು ಹೇಳಿದರೆ ತಪ್ಪೇನಿಲ್ಲ.

ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕೊತಕೊತ ಕುದ್ದು ಅರಳಿಬಿಡುತ್ತದೆ. ಅಜ್ಜನ ಕಾಲದಲ್ಲಿ ಸುಣ್ಣ ಸುಡುವ ಬಟ್ಟಿಯ ಹತ್ತಿರ ನೀರು ತಂದವಳ ಕೊಡ ಒಡೆದು ಮೂರು ದಿನದ ದುಡಿಮೆ ಹಾಳಾಗಿತ್ತಂತೆ. ಅಂದಿನಿಂದ ಬಟ್ಟಿಯ ಸುತ್ತ ಕಲ್ಲು ಜೋಡಿಸಿ ಗೆರೆ ಹಾಕಿದರು. ಬೆಂಕಿ ಹಚ್ಚಿದ ಮೇಲೆ ಮೂರು ದಿನ ಆ ಗೆರೆಯೊಳಗೆ ನೀರು ಬರಕೂಡದು, ಹೆಂಗಸರು ಬರಕೂಡದು, ಬೆಂಕಿ ಕಾಯುವವನು ಹೊರಗೆ ಹೋಗಕೂಡದು. ಮತ್ತೆ ಬಾಯಾರಿದರೆ? ಅದಕ್ಕೆ ಸಿಂದಿ ಇತ್ತಲ್ಲ! ಈಚಲ ಮರದ ಆ ಹೆಂಡ ಸೋರೆಬುರುಡೆ ತುಂಬಿಕೊಂಡು ರಾಜನ ಹಾಗೆ ಗೆರೆ ದಾಟಿ ಬರುತ್ತಿತ್ತು. ಸಿಂದಿ ಚೆಲ್ಲಿದರೂ ಸುಣ್ಣ ಅರಳುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದ ಗಂಡಸರೂ ಬಾಯಿ ಬಿಡಲಿಲ್ಲ ಅನ್ನಿ.

ಸಾವಿರದ ಒಂಬೈನೂರ ಎಂಟರ ಸುಮಾರಿಗೆ, ಮದುವೆಯಾದ ಎರಡನೇ ವರ್ಷ, ಅಪ್ಪನಿಗೆ ಮೂತ್ರದ ಹರಳು ಶುರುವಾಯಿತು. ಬೆನ್ನ ಕೆಳಗೆ ಒಂದು ಮಗ್ಗುಲಿಗೆ ಹಿಡಿದ ನೋವು ತೊಡೆಸಂದಿಗೆ ಇಳಿಯುತ್ತಿತ್ತು. ಅಂಥ ಗಟ್ಟಿ ಆಳು ಅಂಗಳದಲ್ಲಿ ಬಿದ್ದು ಹೊರಳಾಡುತ್ತಿದ್ದ. ಬಟ್ಟಿಗೆ ಕಲ್ಲು ಹೇರುತ್ತಿದ್ದ ಮುದಕಪ್ಪ ಔಷಧ ಹೇಳಿದ.

"ಸಿಂದಿ ಹರಳ ಕರಗಸತೈತಿ ತಮ್ಮಾ. ಕುಡದ್ರ ತಾಸಿಗೆ ನಾಕ ಸಲ ಒಂದಕ್ಕ ಹೋಗತಿ ಇಲ್ಲೋ? ಅದರ ಕೂಡ ಹರಳೂ ಹೋಗತೈತಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಪ್ಪ ಒಂದು ಬುರುಡೆ ಇದ್ದದ್ದನ್ನು ಎರಡು ಮಾಡಿದ.

ಮೂರನೇ ಸಲ ನೋವು ಬಂದಾಗ ಮೂತ್ರವೇ ಕಟ್ಟಿತು. ಎತ್ತಿನ ಚಕ್ಕಡಿಯಲ್ಲಿ ಸವದತ್ತಿಯ ದವಾಖಾನೆಗೆ ಒಯ್ದರು. ಹೇಗೋ ಜೀವ ಉಳಿಯಿತು. ಇನ್ನೊಮ್ಮೆ ಹೀಗಾದರೆ ತಾವು ಹೊಣೆಯಲ್ಲ ಎಂದು ಡಾಕ್ಟರು ಅವ್ವನಿಗೆ ಹೇಳಿ ಮನೆಗೆ ಕಳಿಸಿದರು.

ನಮ್ಮವ್ವ ಸಾವಂತ್ರೆವ್ವ ಸಂಗೊಳ್ಳಿಯವಳು. ಅಕ್ಷರ ಬಾರದು, ಕಣ್ಣು ಬಲು ಚುರುಕು. ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಚಕ್ಕಡಿಯಲ್ಲಿ ಬರುವಾಗ ಹಿಂದಿನದನ್ನೆಲ್ಲ ನೆನೆದಳು. ಮೂರು ಸಲವೂ ನೋವು ಬಂದದ್ದು ಬಟ್ಟಿ ಆರಿದ ವಾರದೊಳಗೆ. ಮಳೆಗಾಲದಲ್ಲಿ ಬಟ್ಟಿ ಇರಲಿಲ್ಲ, ಸಿಂದಿ ಅಂಗಡಿ ಮಾತ್ರ ತಪ್ಪಿರಲಿಲ್ಲ. ಆದರೂ ಆಗ ನೋವು ಬಂದಿರಲಿಲ್ಲ.

"ಏನ್ರಿ, ಸಿಂದಿ ಹರಳ ಮಾಡತೈತೋ ಕರಗಸತೈತೋ ನನಗ ತಿಳೀದು. ಮಳಿಗಾಲದಾಗ ಸಿಂದಿ ಕೂಡ ಮನ್ಯಾಗ ನೀರೂ ಕುಡೀತೀರಿ. ಬಟ್ಟಿ ಮುಂದ ಮೂರು ದಿನ ಬರೇ ಬೆವರು, ಒಂದು ಹನಿ ನೀರಿಲ್ಲ. ಕುಡದ ಸಿಂದಿನೂ ಹೊರಗ ಹೊಕ್ಕೈತಿ. ಒಳಗ ಏನ ಉಳೀತು?"

"ಗೆರಿಯೊಳಗ ನೀರ ತರೂದು ನಮ್ಮ ವಂಶದಾಗಿಲ್ಲ" ಎಂದ ಅಪ್ಪ, ಮಲಗಿದಲ್ಲಿಂದಲೇ.

"ವಂಶ ಬೆಳೀಬೇಕಂದ್ರ ಮೊದಲ ನೀವು ಇರಬೇಕಲ್ರಿ?"

ಅಪ್ಪ ಜಗ್ಗಲಿಲ್ಲ. ಮುಂದಿನ ಬಟ್ಟಿ ಹಚ್ಚಿದ ದಿನ ಅವ್ವ ನಲವತ್ತು ಹೆಜ್ಜೆ ಆಚೆ ಬೇವಿನ ಮರದ ಬುಡದಲ್ಲಿ ತುಂಬಿದ ಕೊಡ ಇಟ್ಟಳು. ಸೆರಗು ಬಿಗಿದು, ನೆಟ್ಟಗೆ ಗೆರೆ ದಾಟಿ ಬಂದು ಬೆಂಕಿಯ ಮುಂದೆ ಕುಳಿತಳು.

"ಅಯ್ಯಯ್ಯ, ಬಟ್ಟಿ ಕೆಟ್ಟಿತು!" ಎಂದು ಮುದಕಪ್ಪ ಬೊಬ್ಬೆ ಹಾಕಿದ.

"ಸುಣ್ಣ ಕೆಟ್ರ ಮತ್ತ ಸುಡಬಹುದು ಕಾಕಾ. ಗಂಡನ್ನ ಎಲ್ಲಿಂದ ತರ್ಲಿ?" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ನೀರು ಗೆರಿಯೊಳಗ ಬರೂದಿಲ್ಲ. ಬೆಂಕಿ ನಾ ಕಾಯತೇನಿ, ನೀವು ಹೋಗಿ ಕುಡದ ಬರ್ರಿ."

ಅಪ್ಪನ ಕಣ್ಣು ಕೆಂಪಾದವು. ಬಾಯಿಗೆ ಬೈಗುಳವೂ ಬಂದಿತ್ತಂತೆ. ಅಷ್ಟರಲ್ಲಿ ಮಗ್ಗುಲಲ್ಲಿ ಸಣ್ಣಗೆ ಚಳುಕು ಹೊಡೆಯಿತು. ಸೊಂಟ ಹಿಡಿದುಕೊಂಡು ಬೇವಿನ ಮರಕ್ಕೆ ನಡೆದ. ಅವತ್ತು ಅವ್ವ ಅವನನ್ನು ಹನ್ನೊಂದು ಸಲ ಎಬ್ಬಿಸಿ ಮರದ ಕಡೆ ಕಳಿಸಿದಳು, ಹನ್ನೊಂದು ತಂಬಿಗೆ ನೀರು ಕುಡಿಸಿದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಸಿಂದಿಬುರುಡೆ ಮುದಕಪ್ಪನ ಪಾಲಾಯಿತು, ಬಟ್ಟಿ ಕೆಡುವ ಮಾತನ್ನೇ ಅವನು ಮರೆತ. ಬಟ್ಟಿ ಕೆಡಲಿಲ್ಲ. ಐದನೇ ದಿನ ಅಪ್ಪನಿಗೆ ಜೋಳದ ಕಾಳಿನಷ್ಟು ಹರಳು ಬಿತ್ತು.

ಅಪ್ಪ ಸಿಂದಿ ಪೂರ್ತಿ ಬಿಟ್ಟ ಎಂದರೆ ಸುಳ್ಳಾದೀತು. ಹಬ್ಬಕ್ಕೊಂದು ಬಟ್ಟಲು ಏರಿಸುತ್ತಿದ್ದ. ಬಾಯಾರಿಕೆಗೆ ಮಾತ್ರ ಮತ್ತೆ ಕುಡಿಯಲಿಲ್ಲ, ಹರಳೂ ಮತ್ತೆ ಬರಲಿಲ್ಲ. ಮಾರನೇ ವರ್ಷ ನಾನು ಹುಟ್ಟಿದೆ. ಅವ್ವ ಆ ಗೆರೆ ದಾಟದಿದ್ದರೆ ಈ ಭೂಮಿಯ ಮೇಲೆ ನಾನಿರುತ್ತಿರಲಿಲ್ಲ. ಆ ಹೆಜ್ಜೆಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಮುಪ್ಪಿನಲ್ಲಿ ಅವ್ವ ಜ್ವರ ಬಂದು ಹಾಸಿಗೆ ಹಿಡಿದಳು. ಅಪ್ಪ ಬಿರುಕುಗೈಯಲ್ಲಿ ತಂಬಿಗೆ ಹಿಡಿದು ಅವಳ ತಲೆದೆಸೆಯಲ್ಲೇ ಕೂತುಬಿಟ್ಟ. ಅವಳು ಸಾಕೆಂದು ಮುಖ ತಿರುಗಿಸಿದಳು.

"ಇದು ಒಂಬತ್ತನೇದು. ಇನ್ನೂ ಎರಡು ಅದಾವ" ಎಂದ ಅಪ್ಪ. "ಅವತ್ತ ನೀ ನನ್ನ ಬಿಟ್ಟಿದ್ದೇನು?"

ಅವ್ವ ನಕ್ಕು ಬಾಯಿ ತೆರೆದಳು.