ಕೋವಿಗೆ ಬಿಸಿನೀರಿನ ಸ್ನಾನ

ಕಾಶಿಗೆ ಬಂದ ಮುದುಕಿಯರಿಗೆ ಸಾವಿನ ದಾರಿ ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ ಎಂದು ಊರಿನವರ ಎಣಿಕೆ. ಬಸವಣ್ಣೆಮ್ಮನಿಗೆ ಸಾಯಲು ಪುರುಸೊತ್ತೇ ಇಲ್ಲ. ಜಂಗಮವಾಡಿಯ ಹಿಂದಿನ ಗಲ್ಲಿಯಲ್ಲಿ ಕನ್ನಡದವರ ಸಣ್ಣ ಛತ್ರವೊಂದಿದೆ. ಶಿವರಾತ್ರಿಯ ಬೆಳಿಗ್ಗೆ ಅಲ್ಲಿನ ಪಲ್ಲಕ್ಕಿ ಹೊರಡುವಾಗ ಹಳೆಯ ಕೇಪಿನ ಕೋವಿಗೆ ಗುಂಡು ಹಾಕದೆ ಬರೀ ಕರಿಮದ್ದು ತುಂಬಿ ಒಂದು ಈಡು ಹಾರಿಸುತ್ತಾರೆ. ಲೈಸೆನ್ಸು ಮ್ಯಾನೇಜರ್ ಸೋಮಲಿಂಗಯ್ಯನವರದು, ಹಾರಿಸುವವರೂ ಅವರೇ. ಕೋವಿ ತೊಳೆದು ಕಾಪಾಡುವ ಪಾಲು ಮಾತ್ರ ಬಸವಣ್ಣೆಮ್ಮನದು. ಹೊಲಕ್ಕೆ ನುಗ್ಗುವ ಹಂದಿ ಬೆದರಿಸುತ್ತಿದ್ದ ಅಪ್ಪನ ಕೋವಿ ತೊಳೆದೇ ಬೆಳೆದವರು ಅವರು.

ಹೋದ ವರ್ಷ ಮಾನ ಹೋಯಿತು. ಪಲ್ಲಕ್ಕಿ ಮೇಲೆದ್ದಿತು, ಕೋವಿಯೂ ಮೇಲೆದ್ದಿತು, ಕೇಪು ಚಟ್ಟೆಂದಿತು. ಅಷ್ಟೇ. ದೇವರ ಕೋವಿಗೆ ನೆಗಡಿಯೇ ಎಂದು ಚಹಾದಂಗಡಿಯವನು ಹಿಂದಿಯಲ್ಲಿ ಕೇಳಿದ, ಗಲ್ಲಿಯೆಲ್ಲ ನಕ್ಕಿತು. ಕೇಪಿನ ಕಿಡಿ ಮದ್ದಿಗೆ ಇಳಿಯುವ ಸಣ್ಣ ತೂತನ್ನು ತುಕ್ಕು ಮುಚ್ಚಿತ್ತು. ಇನ್ನೊಮ್ಮೆ ಹೀಗಾದರೆ ಕೋವಿ ಠಾಣೆಗೆ ಒಪ್ಪಿಸಿ ಮೈಕಿನಲ್ಲಿ ಸದ್ದು ಹಾಕಿಸುವುದೆಂದು ಸೋಮಲಿಂಗಯ್ಯ ಹೇಳಿಬಿಟ್ಟರು. ಬಸವಣ್ಣೆಮ್ಮನಿಗೆ ಮರುದಿನ ಉಪವಾಸ ಬಿಡುವ ಊಟವೂ ಸೇರಲಿಲ್ಲ.

ತಪ್ಪು ತಮ್ಮದೇ ಎಂದು ಅವರಿಗೆ ಗೊತ್ತಿತ್ತು. ಕರಿಮದ್ದು ಸುಟ್ಟಾಗ ನಳಿಗೆಯಲ್ಲಿ ಉಳಿಯುವ ಮಸಿ ಉಪ್ಪಿನ ಹಾಗೆ ತೇವ ಎಳೆಯುತ್ತದೆ. ಅಪ್ಪ ಅದಕ್ಕೆ ಕುದಿನೀರು ಹೊಯ್ಯುತ್ತಿದ್ದರು. ಮಸಿಯೂ ಕರಗುತ್ತಿತ್ತು, ಕಬ್ಬಿಣವೂ ಕಾದು ಬೇಗ ಒಣಗುತ್ತಿತ್ತು. ಕಾಶಿಗೆ ಬಂದದ್ದೇ ಇವರ ಭಕ್ತಿ ಉಕ್ಕಿತು, ದೇವರ ಕೋವಿಗೆ ಗಂಗೆಯೇ ಆಗಬೇಕೆಂದರು. ಗಂಗೆಯನ್ನು ಒಲೆಯ ಮೇಲೆ ಇಡುವಂತಿಲ್ಲವಲ್ಲ. ತಣ್ಣೀರು ಕುಡಿದ ನಳಿಗೆ ಒಳಗೊಳಗೇ ತುಕ್ಕು ಹಿಡಿಯಿತು.

ಸೋಮಲಿಂಗಯ್ಯ ಮದ್ದು ತೆಗೆದು ಖಾಲಿ ಮಾಡಿಕೊಟ್ಟ ಕೋವಿಯನ್ನು ಬಸವಣ್ಣೆಮ್ಮ ಆ ವಾರವೇ ಬೂದಿ ಹಚ್ಚಿ ಉಜ್ಜಿದರು. ಆಮೇಲೆ ನಲ್ಲಿ ನೀರನ್ನು ಒಲೆಗಿಟ್ಟರು. ಛತ್ರದಲ್ಲಿ ಅವರ ಪಕ್ಕದ ಕೋಣೆಯ ವೆಂಕಮ್ಮ ಮೂಗು ಮುರಿದರು. ಅಭಿಷೇಕ ಬಿಟ್ಟು ಮುನಿಸಿಪಾಲಿಟಿ ನೀರೇ, ದೇವರು ಒಪ್ಪುತ್ತಾನೆಯೇ ಎಂದು ಕೇಳಿದರು.

"ಗಂಗಮ್ಮಂಗೆ ಕೈ ಮುಗೀತೀನಿ ವೆಂಕಮ್ಮ," ಎಂದರು ಬಸವಣ್ಣೆಮ್ಮ. "ಕಬ್ಬಿಣಕ್ಕೆ ಬೇಕಾಗಿರೋದು ಬಿಸಿ."

ವೆಂಕಮ್ಮ ವಾರವಿಡೀ ಮಾತು ಬಿಟ್ಟರು. ಇವರು ನಳಿಗೆಯೊಳಗೆ ಆಡಿಸುವ ಕಬ್ಬಿಣದ ಗಜಕ್ಕೆ ಬಟ್ಟೆ ಸುತ್ತಿ, ನೀರು ತಿಳಿಯಾಗುವ ತನಕ ತೊಳೆದು, ತೂತಿಗೆ ಸೂಜಿ ಆಡಿಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿದರು. ಮಳೆಗಾಲದಲ್ಲಿ ಎಣ್ಣೆ ಒರೆಸಿ ಹೊಸದು ಹಚ್ಚಿದರು. ಕಾಶಿಯ ಚಳಿಗೆ ಎಣ್ಣೆ ಗಟ್ಟಿಯಾದಾಗ ಬಾಟಲಿಯನ್ನು ಮಾಳಿಗೆಯ ಬಿಸಿಲಿಗಿಟ್ಟು, ಕೋತಿ ಒಯ್ಯದಂತೆ ಕೋಲು ಹಿಡಿದು ಕೂತರು.

ಈ ವರ್ಷದ ಶಿವರಾತ್ರಿಯ ಬೆಳಿಗ್ಗೆ, ಮದ್ದು ತೇವವಾಗದಿರಲೆಂದು ಎಣ್ಣೆಯನ್ನೆಲ್ಲ ಒರೆಸಿ ಸೋಮಲಿಂಗಯ್ಯನವರಿಗೆ ಕೋವಿ ಕೊಟ್ಟರು. ಚಹಾದಂಗಡಿಯವನು ನಗಲು ಸಿದ್ಧನಾಗಿ ನಿಂತಿದ್ದ. ಪಲ್ಲಕ್ಕಿ ಎದ್ದಿತು.

ಢಮ್!

ಗಲ್ಲಿಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಚಹಾದವನ ಕೈಯ ಮಣ್ಣಿನ ಕುಲ್ಹಡ್ ಲೋಟ ನೆಲಕ್ಕೆ ಬಿದ್ದು ಒಡೆಯಿತು. ಹೊಗೆಯೊಳಗಿಂದ ಸೋಮಲಿಂಗಯ್ಯ ಹರಹರ ಎನ್ನುತ್ತಾ ಬಂದು, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಬಸವಣ್ಣೆಮ್ಮನಿಗೆ ಒಪ್ಪಿಸಿದರು. ಇವರಿಗೆ ಸಂತೋಷಕ್ಕೆ ಅಳುವೇ ಬಂತು. ಆದರೆ ಮಸಿ ತಡ ಸಹಿಸುವುದಿಲ್ಲ. ಪಲ್ಲಕ್ಕಿಯ ಹಿಂದೆ ಹೋಗದೆ ನೆಟ್ಟಗೆ ಅಡುಗೆಮನೆಗೆ ನಡೆದರು.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಆಗಲೇ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ವೆಂಕಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ನಲ್ಲೀ ನೀರೇ," ಎಂದರು. "ಬೇಗ ತಗೊಂಡು ಬಾ."