ಜಿರಳೆ ಮೀಸೆಗೆ ನನ್ನ ಬೆರಳಿನ ಅಳತೆ

ಮದ್ರಾಸಿನ ರಾಯಪುರಂನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅಲ್ಲಿ ಜಿರಳೆ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಅಂಥ ಮನೆಯ ಮಗಳಾದ ನಾನು ಓದಿ ಸೇರಿದ್ದು ರೋಬೋಟಿಗೆ ಜಿರಳೆಯ ಮೀಸೆ ಕೂರಿಸುವ ಕಾಲೇಜು ಪ್ರಯೋಗಾಲಯವನ್ನು. "ಹೊರಗೆಲ್ಲೂ ಹೇಳ್ಬೇಡ ಮಾರಾಯ್ತಿ, ಗಿರಾಕಿ ಎದ್ದು ಹೋದಾರು" ಎಂದಿದ್ದರು ಅಪ್ಪ.

ಮಳೆ ನಿಂತ ಮೇಲೆ ವೇಲಚೇರಿಯ ಚರಂಡಿ ಕೊಳವೆಗಳೊಳಗೆ ನುಗ್ಗಿ, ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಒಡೆದಿದೆ ಎಂದು ಹುಡುಕಬೇಕಾದ ಪುಟ್ಟ ರೋಬೋಟು ಅದು. ಕೆಸರಿನಲ್ಲಿ ಕ್ಯಾಮೆರಾ ಕುರುಡು. ಜಿರಳೆಯ ಹಾಗೆ ಗೋಡೆ ಮುಟ್ಟಿಯೇ ದಾರಿ ತಿಳಿಯಬೇಕು. ನಾವು ಮಾಡಿದ ಪ್ಲಾಸ್ಟಿಕ್ ಮೀಸೆಗಳೋ, ಬುಡದಲ್ಲೇ ಬಾಗಿಬಿಡುತ್ತಿದ್ದವು. ತುದಿಗೆ ಏನು ತಾಗಿತೆಂದು ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೋಟೆಲಿನ ಹಿಡಿಸೂಡಿಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದುಕೊಂಡು ಹೋದೆ. ಬುಡ ದಪ್ಪ, ತುದಿ ಸಪೂರ, ಥೇಟ್ ಜಿರಳೆ ಮೀಸೆ. ಅದರುದ್ದಕ್ಕೂ ಸೆನ್ಸರ್ ಚುಕ್ಕಿಗಳನ್ನು ಅಂಟಿಸಿದೆ. ಎರಡು ಚುಕ್ಕಿಗಳ ನಡುವೆ ಒಂದು ಬೆರಳಗಲ ಬಿಟ್ಟೆ, ಅಮ್ಮ ಅಡುಗೆಮನೆಯಲ್ಲಿ ಎಲ್ಲವನ್ನೂ ಬೆರಳಿನಲ್ಲೇ ಅಳೆಯುವಂತೆ. ಕಡ್ಡಿ ಅಂದು ಕೊಳವೆಯ ಕೂದಲೆಳೆ ಬಿರುಕನ್ನೂ ಹೇಳಿತು.

ಪ್ರಯೋಗಾಲಯದಲ್ಲಿ ಕನ್ನಡ ಬಲ್ಲವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ನನಗಿಂತ ಹಿರಿಯಳು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ವೈಷ್ಣವರ ಮನೆಯವಳು. ಅಕ್ಕ ಎನ್ನುತ್ತಿದ್ದೆ. ಮಧ್ಯಾಹ್ನ ನಮ್ಮ ಹೋಟೆಲಿನ ಬುತ್ತಿಯನ್ನು ಹಂಚಿಕೊಂಡು ಉಣ್ಣುತ್ತಿದ್ದೆವು. ಆಯಾ ದಿನದ ಕೆಲಸವನ್ನು ಮಾಡಿದವರೇ ದಾಖಲೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಬೇಕೆಂಬುದು ನಿಯಮ. ನನ್ನ ಅಕ್ಷರವೋ ಕೋಳಿ ಕೆದರಿದ ಹಾಗೆ.

"ನೀ ಹೇಳ್ತಾ ಹೋಗು ಡೀ, ನಾನೇ ಬರ್ಕೋತೀನಿ. ಸೆರಿಯಾ?" ಎಂದಳು ಅಕ್ಕ.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದಳು. ನನ್ನ ಬೆರಳಿಗೆ ಸ್ಕೇಲ್ ಹಿಡಿದು, "ಹದಿನಾಲ್ಕು ಮಿಲಿಮೀಟರ್!" ಎಂದು ನಕ್ಕಳು. ಕೆಳಗೆ ಸಹಿಯೂ ಅವಳದೇ. ನಮ್ಮ ಕನ್ನಡದವಳು ತಾನೇ ಎಂದುಕೊಂಡೆ. ಪೆದ್ದಿ ನಾನು.

ಕೆಲವು ತಿಂಗಳ ನಂತರ ಆ ಮೀಸೆಯ ಬಗ್ಗೆ ಪ್ರಬಂಧ ಅಚ್ಚಾಯಿತು. ಅದರಲ್ಲಿ ಅವಳ ಹೆಸರಿತ್ತು, ಪ್ರಯೋಗಾಲಯದ ಪ್ರೊಫೆಸರರ ಹೆಸರಿತ್ತು, ನನ್ನದಿರಲಿಲ್ಲ. ಪ್ರೊಫೆಸರರ ಬಳಿ ಹೋದರೆ ಅವರು ದಾಖಲೆ ಪುಸ್ತಕ ಬಿಡಿಸಿ ನನ್ನ ಮುಂದಿಟ್ಟರು. ಪುಟ ಪುಟವೂ ಅವಳ ಮುದ್ದಾದ ಅಕ್ಷರ. ಅಕ್ಕನನ್ನೇ ಕೇಳಿದೆ. "ಬಿಡು ಡೀ, ಅಡುತ್ತ ಪೇಪರ್‌ನಲ್ಲಿ, ಮುಂದಿನದ್ರಲ್ಲಿ, ನಿನ್ನ ಹೆಸ್ರು ಹಾಕೋಣ" ಎಂದಳು, ಬುತ್ತಿಯ ಮುಚ್ಚಳ ತೆಗೆಯುತ್ತಲೇ. ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೆ. ಇವಳು ಹಿಡಿಸೂಡಿಯ ಕಡ್ಡಿಯನ್ನೂ ಬಿಡಲಿಲ್ಲ.

ಆ ಪ್ರಬಂಧವನ್ನು ಅವಳು ಕಾಲೇಜಿನ ಸಭೆಯಲ್ಲಿ ಮಂಡಿಸಿದ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಚುಕ್ಕಿಗಳ ನಡುವೆ ಹದಿನಾಲ್ಕು ಮಿಲಿಮೀಟರೇ ಏಕೆ ಎಂದು ಯಾರೋ ಕೇಳಿದರು. ಲೆಕ್ಕಾಚಾರದಿಂದ ಬಂದದ್ದು ಎಂದಳು.

ನಾನು ಎದ್ದು ನಿಂತು ಬೆರಳು ಎತ್ತಿ ಕನ್ನಡದಲ್ಲೇ ಕೇಳಿದೆ. "ಅಕ್ಕಾ, ಅದು ಯಾರ ಬೆರಳು?"

ತಮಿಳು ಬಲ್ಲ ಸಭೆಗೆ ಅರ್ಧ ಅರ್ಥವಾಯಿತು. ಅವಳಿಗೆ ಪೂರ್ತಿ. ತಲೆ ತಗ್ಗಿಸಿ ಕಾಗದ ಜೋಡಿಸಿಕೊಂಡು, "ನೆಕ್ಸ್ಟ್ ಕ್ವೆಶ್ಚನ್, ಪ್ಲೀಸ್" ಎಂದಳು.

ನನಗೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು.