ಮ್ಯಾಟಿನಿಗೆ ಮುಂಚಿನ ದೇವರ ಹಾಡು

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಯಾರಾದರೂ ಆ ಹಳೆಯ ಥಿಯೇಟರಿನ ಫೋಟೋ ಹಾಕುತ್ತಾರೆ. ಕೆಳಗೆ ಸಾಲಾಗಿ ಅಳುವ ಮುಖಗಳು. ‘ಆ ಕಾಲವೇ ಚೆಂದ’, ‘ಗೋಲ್ಡನ್ ಡೇಸ್’ ಎಂದು ಶುರುವಾಗುತ್ತದೆ. ನನಗೆ ಮೈ ಉರಿಯುತ್ತದೆ. ಇವರಲ್ಲಿ ಎಷ್ಟು ಜನ ಅಲ್ಲಿನ ಸೆಕೆಂಡ್ ಕ್ಲಾಸಿನಲ್ಲಿ ಕೂತು ತಿಗಣೆಯಿಂದ ಕಚ್ಚಿಸಿಕೊಂಡಿದ್ದಾರೆ? ಹೆಂಗಸರ ಪಾಯಿಖಾನೆಗೆ ಚಿಲಕವಿರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಅದನ್ನು ಯಾರೂ ಬರೆಯುವುದಿಲ್ಲ. ಆ ಫೋಟೋದಲ್ಲಿ ಮೇಲೆ, ಬಲಗಡೆಗೆ, ಒಂದು ಸಣ್ಣ ಕಿಟಕಿ ಕಾಣುತ್ತದೆ. ಅದು ಆಪರೇಟರ್ ರೂಮು. ನನ್ನ ಅಪ್ಪ ಬದುಕಿದ್ದು ಅಲ್ಲಿ, ಬಿದ್ದದ್ದೂ ಅಲ್ಲಿ.

ಬಾಪೂಜಿ ನಗರದಿಂದ ವಿಜಯನಗರದ ಕಡೆಗೆ ಬರುವ ಒಳರಸ್ತೆಯಲ್ಲಿತ್ತು ಥಿಯೇಟರು. ಮೊದಲು ಅಲ್ಲೆಲ್ಲ ರಾಗಿ ಹೊಲ. ಲೇಔಟುಗಳು ಎದ್ದಮೇಲೆ ಉಳಿದ ತುಂಡು ಜಾಗದಲ್ಲಿ ಹೊಲದ ಯಜಮಾನರು ಟೆಂಟ್ ಹಾಕಿ ಸಿನಿಮಾ ತೋರಿಸಿದರು. ಟೆಂಟ್ ಹೋಗಿ ಶೀಟು ಬಂತು, ಶೀಟು ಹೋಗಿ ಬಾಲ್ಕನಿ ಬಂತು. ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು, ಅದರ ತುದಿಗೆ ಆಪರೇಟರ್ ರೂಮು. ಅಪ್ಪ ಶೀಟಿನ ಕಾಲಕ್ಕೇ ಸೇರಿದವರು. ಆಗ ಕಾರ್ಬನ್ ಕಡ್ಡಿ ಉರಿಸಿ ಪರದೆಗೆ ಬೆಳಕು ಬಿಡುತ್ತಿದ್ದರು. ಆ ಹೊಗೆ ಕುಡಿದ ಕೆಮ್ಮು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹೊಸ ಪಿಕ್ಚರಿನ ರೀಲು ಪೆಟ್ಟಿಗೆ ಬಂದರೆ ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದೇ ಮೇಲಕ್ಕೆ ಹೊರುತ್ತಿದ್ದರು.

ಪ್ರತಿ ಆಟಕ್ಕೂ ಮುಂಚೆ ಛಾವಣಿಯ ಮೇಲಿನ ಹಾರ್ನ್ ಸ್ಪೀಕರಿನಲ್ಲಿ ಒಂದು ದೇವರ ಹಾಡು ಹಾಕಬೇಕು, ಅದು ಪದ್ಧತಿ. ಹಾಡು ಕೇಳಿದರೆ ಆಟ ಇನ್ನೇನು ಶುರು ಎಂದು ಅರ್ಥ. ಜನ ಓಡಿ ಬರುತ್ತಿದ್ದರು. ಸಿನಿಮಾ ನೋಡದವರಿಗೂ ಅದೇ ಗಡಿಯಾರ. ಮ್ಯಾಟಿನಿ ಹಾಡು ಕೇಳಿಸಿದರೆ ಆಟೋ ಸ್ಟ್ಯಾಂಡಿನವರು ಊಟದ ಡಬ್ಬಿ ಬಿಚ್ಚುತ್ತಿದ್ದರು, ನಮ್ಮ ಬೀದಿಯ ಹೆಂಗಸರು ಮಹಡಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅಪ್ಪ ಒಂದು ಕ್ಯಾಸೆಟ್ಟಿನ ಎರಡೂ ಬದಿಗೆ ಅದೊಂದೇ ಹಾಡನ್ನು ಮತ್ತೆ ಮತ್ತೆ ತುಂಬಿಸಿ ಇಟ್ಟುಕೊಂಡಿದ್ದರು, ರಿವೈಂಡ್ ಮಾಡುವ ರಗಳೆ ಬೇಡವೆಂದು. ಅವರ ಡೆಕ್ಕು ತಾನಾಗಿಯೇ ಬದಿ ಬದಲಿಸಿಕೊಳ್ಳುವಂಥದ್ದು. ಹಾಡು ಒಂದು ಸಲ ಮುಗಿದ ಕೂಡಲೇ ಅಪ್ಪ ಕೈಯಾರೆ ನಿಲ್ಲಿಸುತ್ತಿದ್ದರು.

ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿದ ಮೇಲೆ ಆ ಹಾಡು ಅಮ್ಮನ ಪಾಲಿಗೆ ಬೇರೆಯೇ ಆಯಿತು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಹತ್ತದೆ ಅಪ್ಪ ಮಾಡುವುದೇನು? ಮಧ್ಯಾಹ್ನ ಮನೆಗೆ ಬಂದು ಉಂಡು ಹೊರಡುತ್ತಿದ್ದರು. ಅಮ್ಮ ಬಾಗಿಲಲ್ಲಿ ನಿಂತು, “ಮೇಲಕ್ಕೆ ಹೋದ್ಮೇಲೆ ಒಂದು ಫೋನ್ ಮಾಡ್ರೀ” ಅನ್ನುವರು.

“ಹಾಡು ಕೇಳಲ್ವಾ ನಿಂಗೆ? ಇನ್ನು ಫೋನ್ ಬೇರೆ ಯಾಕೆ?” ಎಂದು ಅಪ್ಪ ಫೋನನ್ನು ಮನೆಯಲ್ಲೇ ಚಾರ್ಜಿಗೆ ಬಿಟ್ಟು ಹೋಗುತ್ತಿದ್ದರು.

ಅಮ್ಮ ಹಾಡು ಶುರುವಾಗುವ ತನಕ ತಟ್ಟೆ ಮುಟ್ಟುತ್ತಿರಲಿಲ್ಲ. ಎರಡು ಬೀದಿ ಆಚೆಯಿಂದ ಮೊದಲ ಸಾಲು ಕೇಳಿದರೆ, “ಹತ್ತಿದ್ರು” ಎಂದು ತನಗೆ ತಾನೇ ಹೇಳಿಕೊಂಡು ಉಣ್ಣಲು ಕೂರುತ್ತಿದ್ದರು.

ಕೊರೊನಾ ಬಂದಾಗ ಮುಚ್ಚಿದ ಥಿಯೇಟರು ಮತ್ತೆ ತೆರೆಯಲಿಲ್ಲ. ಅಷ್ಟು ಹೊತ್ತಿಗೆ ರೀಲು ಪೆಟ್ಟಿಗೆ ಬರುವುದು ನಿಂತೇ ಹೋಗಿತ್ತು, ಡಿಜಿಟಲ್ ಡಬ್ಬದ ಗುಂಡಿ ಒತ್ತಿದರೆ ಪಿಕ್ಚರು ಓಡುತ್ತಿತ್ತು. ಯಜಮಾನರು ತೀರಿಕೊಂಡಿದ್ದರು. ಅವರ ಮಕ್ಕಳು ಕಟ್ಟಡ ಕೆಡವಿ ಅಂಗಡಿ ಮಳಿಗೆ ಎಬ್ಬಿಸುವ ಲೆಕ್ಕ ಹಾಕಿದರು, ಆದರೆ ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳ ಹರಿಯಲಿಲ್ಲ. ಅಲ್ಲಿಯವರೆಗೆ ಕಾವಲಿಗೆ ಯಾರಾದರೂ ಬೇಕಲ್ಲ, ಅಪ್ಪ ಉಳಿದರು. ಉಳಿದವರು ಸುಮ್ಮನಿರಬೇಕೋ ಬೇಡವೋ? ಮ್ಯಾಟಿನಿ ಹೊತ್ತಿಗೆ ಸರಿಯಾಗಿ ಮೇಲೆ ಹತ್ತಿ ಹಾಡು ಹಾಕುವರು. ಒಳಗೆ ಕುರ್ಚಿಗಳ ಮೇಲೆ ಪಾರಿವಾಳದ ಹಿಕ್ಕೆ, ಹೊರಗೆ ದೇವರ ಹಾಡು.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ನಾನು ರೇಗಿಸಿದರೆ ಅಪ್ಪ ನಗುತ್ತಿದ್ದರು. “ಆಟ ಇಲ್ದಿದ್ರೇನು ಕಣವ್ವ, ನಿಮ್ಮಮ್ಮ ಉಣ್ಬೇಡ್ವಾ?”

ಎದುರಿಗೆ ಹೊಸ ಅಪಾರ್ಟ್‌ಮೆಂಟು ಎದ್ದಿತ್ತು. ಅಲ್ಲಿನ ಒಬ್ಬರು, ಮನೆಯಿಂದಲೇ ಆಫೀಸು ಕೆಲಸ ಮಾಡುವವರು, ಮೀಟಿಂಗ್ ನಡುವೆ ಹಾಡು ಕೂಗುತ್ತದೆಂದು ಯಜಮಾನರ ಕಿರಿಯ ಮಗನಿಗೆ ದೂರು ಕೊಟ್ಟರು. ಅವನು ಬಂದು, “ಅಣ್ಣ, ಮುಚ್ಚಿರೋ ಥಿಯೇಟರ್‌ಗೆ ಹಾಡ್ಯಾಕೆ? ಬಿಟ್ಬಿಡಿ ಇನ್ಮೇಲೆ” ಎಂದ. ಮನೆಗೆ ಬಂದು ಅಪ್ಪ ಹೇಳಿದಾಗ ಅಮ್ಮನ ಮುಖ ಸಣ್ಣದಾಯಿತು. “ಹಾಗಾದ್ರೆ ನಂಗೆ ಗೊತ್ತಾಗೋದು ಹೆಂಗೆ?” ಎಂದಷ್ಟೇ ಕೇಳಿದರು.

ಅಪ್ಪ ಎರಡು ದಿನ ಹಾಡು ಹಾಕಲಿಲ್ಲ. ಆ ಎರಡು ದಿನವೂ ಅಮ್ಮ ಅನ್ನ ಕಲಸಿಕೊಂಡು ಹಾಗೇ ಬಿಟ್ಟು ಎದ್ದರು. ಮೂರನೆಯ ದಿನ ಅಪ್ಪ ಛಾವಣಿಗೆ ಹತ್ತಿ ಹಾರ್ನಿನ ಬಾಯಿಯನ್ನು ಅಪಾರ್ಟ್‌ಮೆಂಟಿನಿಂದ ಪೂರ್ತಿ ತಿರುಗಿಸಿ ನಮ್ಮ ಮನೆಯ ಕಡೆಗೆ ಕಟ್ಟಿದರು, ದನಿಯನ್ನೂ ತಗ್ಗಿಸಿದರು. ಎದುರಿನವರಿಗೆ ಸಣ್ಣಗೆ ಕೇಳಿದರೂ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಊರಿಗೆಲ್ಲ ಕೂಗುತ್ತಿದ್ದ ಹಾಡು ನಮ್ಮ ಅಡುಗೆಮನೆಗೆ ಮೀಸಲಾಯಿತು. ನಾನು ಎಂದೂ ಅವರಿಬ್ಬರು ಪಕ್ಕಪಕ್ಕ ಕೂತು ಪ್ರೀತಿಯ ಮಾತಾಡಿದ್ದನ್ನು ನೋಡಿಲ್ಲ. ಇದೊಂದನ್ನು ನೋಡಿದ್ದೇನೆ.

ಆ ದಿನ ಭಾನುವಾರ. ನಾನು ಮನೆಯಲ್ಲಿದ್ದೆ. ಅಪ್ಪ ಉಪ್ಪೆಸರು, ಮುದ್ದೆ ಉಂಡು, “ಖಾರ ಜಾಸ್ತಿ ಆಯ್ತು” ಎಂದು ಗೊಣಗಿ ಹೊರಟರು. ಸ್ವಲ್ಪ ಹೊತ್ತಿಗೆ ಹಾಡು ಬಂತು. “ಹತ್ತಿದ್ರು” ಎಂದು ಅಮ್ಮ ಮಜ್ಜಿಗೆಗೆ ಅನ್ನ ಕಲಸಿಕೊಂಡರು. ಹಾಡು ಮುಗಿಯಿತು. ಮತ್ತೆ ಶುರುವಾಯಿತು. ಅಮ್ಮ ನನ್ನ ಮುಖ ನೋಡಿದರು. “ಏನಿವತ್ತು, ಸ್ಪೆಷಲ್ ಶೋನಾ?” ಎಂದೆ. ಅಮ್ಮ ನಕ್ಕರು. ಮೂರನೆಯ ಸಲವೂ ಬಂದಾಗ ಕೆಳಗಿನ ಮನೆಯ ಆಟೋದವರು ಮೆಟ್ಟಿಲ ಹತ್ತಿರ ನಿಂತು ಕೂಗಿದರು. “ಅಕ್ಕಾ, ನಿಮ್ ಯಜಮಾನ್ರು ಇವತ್ತು ಫುಲ್ ಫಾರ್ಮ್‌ನಲ್ಲಿದಾರೆ! ಆ ಅಪಾರ್ಟ್‌ಮೆಂಟಿನೋರಿಗೆ ಸರಿಯಾಗ್ ಕೊಡ್ತಾವ್ರೆ!”

ನಮಗೆಲ್ಲ ಹಾಗೇ ಅನ್ನಿಸಿತು. ಕಂಪ್ಲೇಂಟ್ ಕೊಟ್ಟವರ ಮೇಲೆ ಅಪ್ಪ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದು ಬೀದಿಗೆ ಬೀದಿಯೇ ಖುಷಿಪಟ್ಟಿತು. ಹಾಡು ಬರದೇ ಹೋಗಿದ್ದರೆ ಯಾರಾದರೂ ಓಡಿಹೋಗುತ್ತಿದ್ದೆವು. ಹಾಡು ಬರುತ್ತಿದೆ ಅಂದರೆ ಅಪ್ಪ ಅಲ್ಲಿದ್ದಾರೆ, ಚೆನ್ನಾಗಿದ್ದಾರೆ. ಅಷ್ಟು ವರ್ಷ ನಾವು ಕಲಿತದ್ದೇ ಅದು. ಅಮ್ಮ ಕೈ ತೊಳೆದು, ಸೆರಗು ಹಾಸಿ ಮಲಗಿದರು. ಹಾಡು ಕೇಳುತ್ತಲೇ ಅವರಿಗೆ ಸಣ್ಣ ನಿದ್ದೆಯೂ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಹಾಡು ಅರ್ಧಕ್ಕೇ ಪಟ್ಟನೆ ನಿಂತಿತು. ಅಮ್ಮ ಕಣ್ಣು ಬಿಟ್ಟು, “ಸದ್ಯ, ನಿಲ್ಲಿಸಿದ್ರಪ್ಪಾ” ಎಂದರು, ಕಾಫಿಗೆ ನೀರಿಡಲು ಎದ್ದರು.

ನಿಲ್ಲಿಸಿದ್ದು ಅಪ್ಪ ಅಲ್ಲ. ತಡೆಯಲಾರದೆ ಜಗಳಕ್ಕೆಂದೇ ಮೆಟ್ಟಿಲು ಹತ್ತಿದ್ದ ಆ ಅಪಾರ್ಟ್‌ಮೆಂಟಿನವರು. ಅಪ್ಪ ಡೆಕ್ಕಿನ ಕೆಳಗೆ, ಒಂದು ಕೈ ಮೇಜಿನ ಕಾಲಿಗೆ ಚಾಚಿ ಬಿದ್ದಿದ್ದರಂತೆ. ಆ ಮನುಷ್ಯ ಬರಿಗಾಲಿನಲ್ಲಿ ನಮ್ಮ ಮನೆಗೆ ಓಡಿ ಬಂದರು. ಬಾಗಿಲಲ್ಲಿ ನಿಂತು, “ಆಂಟಿ… ಅಂಕಲ್… ಸಾರಿ ಆಂಟಿ” ಎಂದು ಅದನ್ನೇ ಹೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂದು ಅಪ್ಪನ ಹತ್ತಿರ ಹೋದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಡಾಕ್ಟರು, ಬಿದ್ದ ಕೂಡಲೇ ತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದರು. ಆ ಮಾತನ್ನು ಅವರು ಹೇಳಬಾರದಿತ್ತು. ಅಮ್ಮ ಅಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಾ, “ಅವ್ರು ಅಲ್ಲಿ ಬಿದ್ದಿದ್ರು, ನಾನಿಲ್ಲಿ ಮಜ್ಜಿಗೆ ಅನ್ನ ಕಲಸ್ತಿದ್ದೆ ಕಣೇ” ಎಂದರು.

ಮರುವರ್ಷ ಅಣ್ಣತಮ್ಮಂದಿರ ಜಗಳ ಹರಿದು ಥಿಯೇಟರು ಕೆಡವಿದರು. ಪರದೆಯ ಗೋಡೆ ಕೊನೆಗೆ ಬಿತ್ತಂತೆ, ನಾವು ನೋಡಲು ಹೋಗಲಿಲ್ಲ. ಈಗ ಅಲ್ಲಿ ಗಾಜಿನ ಮಳಿಗೆಗಳು, ಮೇಲೆ ಒಂದು ಜಿಮ್ಮು. ಶೇರ್ ಆಟೋದವರು ಮಾತ್ರ ಇನ್ನೂ ಹಳೆಯ ಥಿಯೇಟರಿನ ಹೆಸರನ್ನೇ ಕೂಗಿ ಜನರನ್ನು ಇಳಿಸುತ್ತಾರೆ. ನಾವು ಆರ್‌ಪಿಸಿ ಲೇಔಟಿಗೆ ಮನೆ ಬದಲಿಸಿದೆವು.

ನನ್ನ ಕೆಲಸ ರಾಜಾಜಿನಗರದ ಒಂದು ಲ್ಯಾಬಿನಲ್ಲಿ, ಮಧ್ಯಾಹ್ನದ ಪಾಳಿ. ತಲುಪಿದ ಕೂಡಲೇ ಅಮ್ಮನಿಗೆ ಫೋನ್ ಮಾಡಬೇಕು. “ತಲುಪಿದೆ ಕಣಮ್ಮ, ಊಟ ಮಾಡು” ಅನ್ನುತ್ತೇನೆ.

“ಹ್ಞೂಂ. ಆಮೇಲೆ ಇನ್ನೊಂದ್ ಸಲ ಮಾಡು.”

“ಅಯ್ಯೋ, ತಲುಪಿದ್ದೀನಿ ಅಂದ್ನಲ್ಲ!”

“ತಲುಪಿದ್ದು ಗೊತ್ತಾಯ್ತು ಕಣೇ. ಅಷ್ಟು ಸಾಲ್ದು.”

ಜೊತೆಯಲ್ಲಿರುವವರು ನಗುತ್ತಾರೆ, ನನಗೂ ಕೆಲವು ದಿನ ರೇಗುತ್ತದೆ. ಆದರೂ ಕೈಗವಸು ಕಳಚಿ ಕಾರಿಡಾರಿಗೆ ಬಂದು ಎರಡನೆಯ ಫೋನ್ ಮಾಡುತ್ತೇನೆ. ಅಮ್ಮ ಏನೂ ಕೇಳುವುದಿಲ್ಲ. “ಅಮ್ಮಾ, ನಾನೇ” ಅನ್ನುತ್ತೇನೆ. ಅದಾದ ಮೇಲೆ ಆ ಕಡೆ ತಟ್ಟೆ ಇಡುವ ಸದ್ದು ಕೇಳುತ್ತದೆ.